ಹಾನ್ ಮೇಷ್ಟ್ರ ನಲವತ್ತಮೂರು ಕಾಯಿಲೆ

ಒಂದೇ ವರ್ಷದಲ್ಲಿ ನಲವತ್ತಮೂರು ಮಾರಕ ಕಾಯಿಲೆ ಬಂದು, ನಲವತ್ತಮೂರನ್ನೂ ಗೆದ್ದು, ಒಂದು ಹೊತ್ತಿನ ಊಟವನ್ನೂ ತಪ್ಪಿಸದೆ ಬದುಕಿದ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ. ನಂಬದಿದ್ದರೆ ನಮ್ಮ ಶಾಲೆಯ ಎಂಟನೇ ತರಗತಿ ಮೂರನೇ ವಿಭಾಗದ ನಲವತ್ತಾರು ಮಕ್ಕಳನ್ನು ಕೇಳಿ. ಅವರ ಹತ್ತಿರ ಲಿಖಿತ ಸಾಕ್ಷಿ ಇದೆ, ಅದೂ ಇಂಗ್ಲಿಷಿನಲ್ಲಿ.

ನಾನು ಹಾನ್ ದಾಲಿ, ಆ ಶಾಲೆಯ ವ್ಯಾಯಾಮದ ಮೇಷ್ಟ್ರು. ಹರೆಯದಲ್ಲಿ ತುಂಬಿದ ಹೊಳೆಯನ್ನು ಎಮ್ಮೆ ಹೊತ್ತುಕೊಂಡು ದಾಟಿದವನು. ಆದರೆ ಈ ಕತೆ ನನ್ನದಲ್ಲ, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನ ಯಾನ್ ವೆನ್‌ಹೈಯದು. ಇಂಗ್ಲಿಷ್ ಮೇಷ್ಟ್ರು. ಊಟದ ಕಡ್ಡಿಗೆ ಕನ್ನಡಕ ಹಾಕಿ ನಿಲ್ಲಿಸಿದರೆ ಹೇಗಿರುತ್ತದೋ ಹಾಗಿದ್ದಾನೆ. ಇರುವೆಯನ್ನು ತುಳಿದರೆ ಅದರ ಮನೆಗೆ ಹೋಗಿ ಕ್ಷಮೆ ಕೇಳಿ ಬರುವಂಥವನು.

ಯಾನ್ ಹನ್ನೊಂದು ವರ್ಷದಿಂದ ಹಿರಿಯ ಶಿಕ್ಷಕನ ದರ್ಜೆಗೆ ಕಾಯುತ್ತಿದ್ದ. ಜಿಲ್ಲೆಯ ಇಂಗ್ಲಿಷ್ ಓದು-ಬರಹದ ಪರೀಕ್ಷೆಯಲ್ಲಿ ಅವನ ತರಗತಿ ಮೂರು ವರ್ಷದಿಂದ ಕಟ್ಟಕಡೆಗೆ ನಿಂತು, ಆ ಜಾಗವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈ ಸಲ ಮೊದಲ ಮೂರರೊಳಗೆ ಬಂದರೆ ಹೆಸರು ಪಟ್ಟಿಗೆ ಹೋಗುತ್ತದೆ ಎಂದು ಹೆಡ್ಮಾಸ್ಟರ್ ಮೆಂಗ್ ಮಾತು ಕೊಟ್ಟಿದ್ದರು. ಪ್ರತಿ ಹೊಸ ವರ್ಷದ ಹಬ್ಬದಲ್ಲಿ ಯಾನನ ಅತ್ತೆ, ಅವನು ಬಾಯಿಗೆ ಕಡುಬು ಇಟ್ಟ ಗಳಿಗೆಯನ್ನೇ ನೋಡಿ, "ಅಳಿಯಂದಿರೇ, ಹಿರಿಯ ಮೇಷ್ಟ್ರು ಆದ್ರಾ?" ಎಂದು ಕೇಳುತ್ತಿದ್ದಳು. ಹನ್ನೊಂದು ವರ್ಷದಿಂದ ಅವನಿಗೆ ಆ ಕಡುಬಿನೊಳಗೆ ಏನಿತ್ತೆಂಬುದೇ ಗೊತ್ತಾಗಿಲ್ಲ.

ಎಲ್ಲಕ್ಕೂ ಮೂಲ ಒಂದು ಸಣ್ಣ ಮಾತು. ಸೆಪ್ಟೆಂಬರಿನ ಒಂದು ಮಂಗಳವಾರ, ಮೂರನೇ ಪೀರಿಯಡ್. ಮಕ್ಕಳು ಬೂಟಿನ ದಾರ ಬಿಗಿದು ಮೈದಾನಕ್ಕೆ ಹೊರಟಿದ್ದರು. ಯಾನ್ ಒಳಗೆ ಬಂದು, "ಹಾನ್ ಸರ್‌ಗೆ ಇವತ್ತು ಹುಷಾರಿಲ್ಲ. ಇಂಗ್ಲಿಷ್ ಪುಸ್ತಕ ತೆಗೀರಿ" ಎಂದ. ಇದರಲ್ಲಿ ಹೊಸದೇನಿಲ್ಲ. ಪರೀಕ್ಷೆ ಹತ್ತಿರವಾದಂತೆ ನಮ್ಮ ದೇಶದ ವ್ಯಾಯಾಮದ ಮೇಷ್ಟ್ರುಗಳೆಲ್ಲ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಸಂಗೀತದವರು, ಕೊನೆಗೆ ಚಿತ್ರಕಲೆಯವರು. ಗಣಿತದವರಿಗೆ ಮಾತ್ರ ನೆಗಡಿಯೂ ಆಗುವುದಿಲ್ಲ. ಮಕ್ಕಳು ನಿಟ್ಟುಸಿರು ಬಿಟ್ಟು ಪುಸ್ತಕ ತೆಗೆಯುತ್ತಾರೆ, ಅಷ್ಟೇ.

ಆದರೆ ಮುಂದಿನ ಬೆಂಚಿನ ರುವಾನ್ ಯುಲಾನ್ ಎಂಬ ಹುಡುಗಿ ಎದ್ದು ನಿಂತು, "ಏನಾಗಿದೆ ಸರ್ ಅವ್ರಿಗೆ?" ಎಂದು ಕೇಳಿಬಿಟ್ಟಳು.

ಯಾನನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಾಯಿಗೆ ಬಂದಂತೆ "ಜ್ವರ" ಎಂದುಬಿಟ್ಟ. ಹೇಳಿದ ಮೇಲೆ ಅದರಿಂದ ನಾಲ್ಕು ಜನಕ್ಕೆ ವಿದ್ಯೆಯಾದರೂ ಬರಲಿ ಎಂದು ಬೋರ್ಡಿನ ಮೇಲೆ ಜ್ವರಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಬರೆದು ಹತ್ತು ಸಲ ಬರೆಸಿದ. ಮುಂದಿನ ಮಂಗಳವಾರ ನನಗೆ ತಲೆನೋವು ಬಂತು. ಅದರ ಮುಂದಿನದಕ್ಕೆ ಮಂಡಿ ಊದಿತು. ಆಮೇಲೆ ಪಿತ್ತಕೋಶ, ಮೂತ್ರಪಿಂಡ, ಬೆನ್ನುಮೂಳೆ. ವಸಂತ ಬರುವ ಹೊತ್ತಿಗೆ ಆ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಾರುಕಟ್ಟೆಗೆ ದಾರಿ ಕೇಳಲು ಬರುತ್ತಿರಲಿಲ್ಲ, ಮೇದೋಜೀರಕದ ಊತವನ್ನು ಮಾತ್ರ ಒಂದು ಪುಟ ವಿವರಿಸುತ್ತಿದ್ದರು.

ಬರಹಕ್ಕೆಂದು ಯಾನ್ ಒಂದು ಮಾದರಿ ಪ್ರಬಂಧವನ್ನೂ ಬಾಯಿಪಾಠ ಮಾಡಿಸಿದ. ಮೊದಲ ಪ್ಯಾರಾದಲ್ಲಿ ಕಾಯಿಲೆ ಯಾರಿಗೆ, ಎರಡನೆಯದರಲ್ಲಿ ನೋವು ಎಲ್ಲಿ, ಮೂರನೆಯದರಲ್ಲಿ ನಾವೇನು ಮಾಡಬೇಕು, ಕೊನೆಗೆ ಒಂದು ಹಾರೈಕೆ. "ಇದು ನಾಲ್ಕು ಕೋಣೆ ಮನೆ ಮಕ್ಳೇ. ಪ್ರಶ್ನೆ ಯಾವುದೇ ಬರ್ಲಿ, ಬಾಡಿಗೆದಾರನನ್ನ ಬದಲಾಯಿಸಿದ್ರೆ ಆಯ್ತು" ಎನ್ನುತ್ತಿದ್ದ.

ಮುಂದಿನ ಪೀರಿಯಡ್‌ನಲ್ಲಿ ನಾನು ನಾಲ್ಕನೇ ವಿಭಾಗದ ಮುಂದೆ ನಿಂತು ಮೂರು ಊರಿಗೆ ಕೇಳುವಂತೆ ಸೀಟಿ ಊದುತ್ತಿದ್ದೆನಲ್ಲ, ಅದು ಅವರಿಗೆ ಕಾಣುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತಿತ್ತು. ಸಾಯುವ ಸ್ಥಿತಿಯಲ್ಲೂ ಕರ್ತವ್ಯ ಬಿಡದ ಮಹಾನುಭಾವ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು.

ಜೂನ್ ಬಂತು, ಪರೀಕ್ಷೆಯ ದಿನವೂ ಬಂತು. ಜಿಲ್ಲಾ ಶಿಕ್ಷಣ ಕಚೇರಿಯಿಂದ ವೆಯ್ ಮೇಡಂ ಎಂಬುವರು ಮೊಹರು ಹಾಕಿದ ಕಟ್ಟು ತಂದರು. ಬೆಳಿಗ್ಗೆ ಪರೀಕ್ಷೆ, ಅಲ್ಲೇ ನಮ್ಮ ಸ್ಟಾಫ್ ರೂಮಿನಲ್ಲಿ ಮೌಲ್ಯಮಾಪನ. ಬರಹದ ಪ್ರಶ್ನೆ: ನಮ್ಮ ಶಾಲೆಯಲ್ಲಿ ನಾನು ಮರೆಯಲಾಗದ ಒಬ್ಬರು. ಮೂರನೇ ವಿಭಾಗದ ಪೆನ್ನುಗಳು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು ಮಾಡತೊಡಗಿದವು. ಅದನ್ನು ಕಿಟಕಿಯಲ್ಲಿ ನಿಂತು ಕೇಳಿದ ಯಾನ್, ಓಡಿ ಬಂದು ನನ್ನ ಕೈಗೊಂದು ಪೀಚ್ ಹಣ್ಣಿಟ್ಟು ಹೋದ.

ಹನ್ನೊಂದು ಗಂಟೆಗೆ ಸ್ಟಾಫ್ ರೂಮಿನಲ್ಲಿ ವೆಯ್ ಮೇಡಂ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ಭುಜ ಅದುರುತ್ತಿತ್ತಂತೆ. ಹೆಡ್ಮಾಸ್ಟರನ್ನು ಕರೆಸಿ, ತುಟಿ ಬಿಗಿಹಿಡಿದು ಕೇಳಿದರು.

"ಈ ಹಾನ್ ಮೇಷ್ಟ್ರು ಅನ್ನೋರು ಇನ್ನೂ ಇದ್ದಾರಾ?"

ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಾನು ಏಳನೇ ಬನ್ನು ಮುರಿಯುವುದನ್ನು ಕಣ್ಣಾರೆ ಕಂಡಿದ್ದ ಹೆಡ್ಮಾಸ್ಟರು ಎಚ್ಚರಿಕೆಯಿಂದ, "ಬೆಳಿಗ್ಗೆ ತನಕ ಇದ್ರು" ಎಂದರು.

ಊಟದ ನಂತರ ಅವರನ್ನು ನೋಡಲೇಬೇಕು ಎಂದು ಮೇಡಂ ಹಟ ಹಿಡಿದರು. ಸುದ್ದಿ ಕೇಳಿದ ಯಾನ್ ಕ್ಯಾಂಟೀನಿಗೆ ಓಡಿ ಬಂದ. ಮುಖ ನೀರಲ್ಲಿ ನೆನೆಸಿಟ್ಟ ತೋಫುವಿನಂತೆ ಬೆಳ್ಳಗಾಗಿತ್ತು.

"ಹಾನ್ ಅಣ್ಣ, ಒಂದು ಗಂಟೆ ಮಟ್ಟಿಗೆ ಕಾಯಿಲೆ ಬೀಳ್ಬೇಕು ನೀನು."

"ಯಾವ ಕಾಯಿಲೆ?"

"ಅದೇ ಗೊತ್ತಿಲ್ಲ. ನಲವತ್ತಾರು ಮಕ್ಳು ನಲವತ್ತಾರು ಥರ ಬರೆದಿದ್ದಾವೆ. ಎಲ್ಲದಕ್ಕೂ ಹೊಂದೋ ಹಾಗೆ ಮಲಕ್ಕೋ."

ಶಾಲೆಯ ನರ್ಸ್, ನಾವೆಲ್ಲ ಸಾಂಗ್ ಅತ್ತೆ ಎನ್ನುವವಳು, ನನ್ನನ್ನು ಆರೋಗ್ಯ ಕೊಠಡಿಯಲ್ಲಿ ಮಲಗಿಸಿ, ತಲೆಗೊಂದು ಮಂಡಿಗೊಂದು ಪಟ್ಟಿ ಸುತ್ತಿ, ಬಿಳಿಚಿಕೊಂಡಂತೆ ಕಾಣಲೆಂದು ಕ್ಯಾಂಟೀನಿನ ಹಿಟ್ಟು ಬಳಿದಳು. ಜೂನ್ ತಿಂಗಳ ಸೆಕೆ. ಹಿಟ್ಟು ಬೆವರಿಗೆ ಕಲೆಸಿಕೊಂಡು ಉಬ್ಬತೊಡಗಿತು. ಇನ್ನರ್ಧ ಗಂಟೆ ಬಿಟ್ಟಿದ್ದರೆ ನನ್ನ ಕೆನ್ನೆಯಿಂದ ಹತ್ತು ಬನ್ನು ಇಳಿಸಬಹುದಿತ್ತು.

ಅಷ್ಟರಲ್ಲಿ ಗೇಟು ಕಾಯುವ ಮುದುಕ ಪೋಷಕರ ಫೋನ್ ಗುಂಪಿಗೆ ಸುದ್ದಿ ಹಾಕಿಬಿಟ್ಟಿದ್ದ. ಸೈನ್ಯ ನುಗ್ಗಿದಂತೆ ಅಜ್ಜಿಯಂದಿರು ನುಗ್ಗಿದರು. ಒಬ್ಬಳು ಕೋಳಿ ಸಾರು ತಂದಳು, ಒಬ್ಬಳು ಬೆಲ್ಲದ ನೀರಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಬ್ಬಳು ಜೀವಂತ ಕೋಳಿಯನ್ನೇ ಮಂಚದ ಕಾಲಿಗೆ ಕಟ್ಟಿದಳು. ಒಬ್ಬ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತು, "ಇದು ಎತ್ತಿನ ನಾಡಿ ಇದ್ದಂಗಿದೆಯಲ್ಲೇ" ಎಂದಳು. ಸಾಯುವ ಮುಂಚೆ ಹಾಗೆ ಒಮ್ಮೆ ಜೋರಾಗುತ್ತದೆ ಎಂದು ಸಾಂಗ್ ಅತ್ತೆ ಸಮಾಧಾನ ಹೇಳಿದಳು. ನಾನು ನರಳುತ್ತಾ ಆರು ಬಟ್ಟಲು ಸಾರು ಕುಡಿದೆ. ನಿತ್ರಾಣದಿಂದ ಕುಡಿ ಎಂದು ಯಾನ್ ಕಣ್ಸನ್ನೆ ಮಾಡುತ್ತಲೇ ಇದ್ದ.

ವೆಯ್ ಮೇಡಂ ಬಂದರು. ಹಿಂದೆ ಹೆಡ್ಮಾಸ್ಟರು, ಅವರ ಹಿಂದೆ ಸಾಲಾಗಿ ಮೂರನೇ ವಿಭಾಗ. ಮೇಡಂ ನನ್ನ ಮುಖದ ಹಿಟ್ಟನ್ನು ಒಮ್ಮೆ, ಬರಿದಾದ ಬಟ್ಟಲುಗಳನ್ನು ಒಮ್ಮೆ ನೋಡಿ, ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ ಎಂದರು. ಬೇರೆ ಶಾಲೆಗಳ ಅಂಕ ಫೋನಿನಲ್ಲಿ ಬಂದಾಗಿತ್ತು, ಯಾನನ ತರಗತಿ ಇಡೀ ಜಿಲ್ಲೆಗೆ ಮೊದಲು. ಯಾನ್ ಗೋಡೆ ಹಿಡಿದು ನಿಂತ. ಬರುವ ಹಬ್ಬದ ಕಡುಬಿನ ರುಚಿ ಆಗಲೇ ಅವನ ನಾಲಿಗೆಗೆ ಬಂದಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ.

ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದ ಪ್ರಬಂಧವನ್ನು ರೋಗಿಯ ಮುಂದೆಯೇ ಓದಿಸೋಣ ಎಂದರು ಮೇಡಂ. ರುವಾನ್ ಯುಲಾನ್ ಹಾಳೆ ಹಿಡಿದು ಮುಂದೆ ಬಂದಳು. ಅಜ್ಜಿಯಂದಿರಿಗೆ ಇಂಗ್ಲಿಷ್ ತಿಳಿಯದು, ಆದ್ದರಿಂದ ಸಾಲು ಸಾಲಾಗಿ ಅರ್ಥ ಹೇಳುವ ಗೌರವ ಯಾನನಿಗೇ ಬಂತು. ಅವನು ಎದೆ ಉಬ್ಬಿಸಿ ಶುರು ಮಾಡಿದ.

"ನಮ್ಮ ಹಾನ್ ಸರ್‌ಗೆ ವಿಚಿತ್ರವಾದ ಕಾಯಿಲೆ ಇದೆ. ಅದು ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಮಾತ್ರ ಬರುತ್ತೆ."

ಅಜ್ಜಿಯಂದಿರು ಲೊಚಗುಟ್ಟಿದರು.

"ನಮ್ಮ ಕಿಟಕಿಯಿಂದ ಕ್ಯಾಂಟೀನಿನ ಹಿಂದಿನ ಕೆರೆ ಕಾಣುತ್ತೆ. ಅವರು ಅಲ್ಲಿ ಕಲ್ಲಿನ ಮೇಲೆ ಕೂತಿರ್ತಾರೆ. ನಿಲ್ಲೋಕೂ ಶಕ್ತಿ ಇಲ್ಲ. ಆಸರೆಗೆ ಒಂದು ಉದ್ದದ ಕೋಲು ಹಿಡ್ಕೊಂಡಿರ್ತಾರೆ." ಯಾನನ ದನಿ ಸ್ವಲ್ಪ ಇಳಿಯಿತು. "ಕೋಲಿನ ತುದೀಲಿ ದಾರ ಇರುತ್ತೆ."

ಯುಲಾನ್ ಸ್ಪಷ್ಟವಾಗಿ, ತಡವರಿಸದೆ ಮುಂದಿನ ಸಾಲು ಓದಿದಳು. ನಾಲ್ಕು ಕೋಣೆಯ ಮನೆಯಲ್ಲಿ ಅವಳು ಕಿಟಕಿಗಳನ್ನೂ ಇಟ್ಟಿದ್ದಳು.

"ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ," ಎಂದ ಯಾನ್, ಈಗ ಪಿಸುಮಾತಿನಲ್ಲಿ, "ಅವರು ಪೂರ್ತಿ ಗುಣವಾಗಿರ್ತಾರೆ. ಕೆರೆ ಯಾವಾಗಲೂ ಹೆಪ್ಪುಗಟ್ಟಿರಲಿ ಅಂತ ನಾನು ಹಾರೈಸ್ತೀನಿ."

ಮಂಚದ ಕಾಲಿಗೆ ಕಟ್ಟಿದ್ದ ಕೋಳಿ ಒಂದು ಸಲ ಕೂಗಿತು. ವೆಯ್ ಮೇಡಂ ಮತ್ತೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೆಳಿಗ್ಗೆ ಅವರ ಭುಜ ಅದುರಿದ್ದು ಅಳುವಿನಿಂದಲ್ಲ ಎಂಬುದು ಆಗ ನನಗೆ ತಿಳಿಯಿತು.

ನಕ್ಕು ಮುಗಿಸಿ, ಮುಖ ಗಂಟು ಹಾಕಿಕೊಂಡು, ಅವರು ಚೀಲದಿಂದ ಹಿರಿಯ ದರ್ಜೆಯ ಪಟ್ಟಿ ತೆಗೆದರು. ಬೇರೆ ಮೇಷ್ಟ್ರ ಪೀರಿಯಡ್ ಕದಿಯಬಾರದೆಂದು ಈ ವರ್ಷ ಕಚೇರಿ ಆದೇಶವೇ ಹೊರಡಿಸಿತ್ತು. ಕದ್ದವರ ಹೆಸರು ದರ್ಜೆಗೆ ಹೋಗುವಂತಿಲ್ಲ. ಮೊದಲ ಸ್ಥಾನ ತಂದುಕೊಟ್ಟ ನಲವತ್ತಾರು ಹಾಳೆಗಳೇ ಕಳ್ಳತನಕ್ಕೆ ನಲವತ್ತಾರು ಸಾಕ್ಷಿ. ಅವರು ಯಾನನ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು.

"ತಪ್ಪು ನಂದೇ ಮೇಡಂ," ಎಂದ ಯಾನ್. "ಪೀರಿಯಡ್ ಕೇಳಿದ್ದು ನಾನು. ಅಣ್ಣಂಗೇನೂ ಗೊತ್ತಿಲ್ಲ."

ನಾನು ಎದ್ದು ಕೂತೆ. ಮುಖದ ಹಿಟ್ಟು ಒಂದು ಹೆಂಚಿನಂತೆ ಕಳಚಿ ಮಡಿಲಿಗೆ ಬಿತ್ತು.

ಅವತ್ತು ಅವರೆಲ್ಲರ ಮುಂದೆ ಒಪ್ಪಿಕೊಂಡದ್ದನ್ನೇ ಈಗ ನಿಮ್ಮ ಮುಂದೆಯೂ ಒಪ್ಪಿಕೊಳ್ಳುತ್ತೇನೆ. ಯಾನ್ ಕೇಳಿದ್ದು ಒಂದೇ ಒಂದು ಪೀರಿಯಡ್, ಆ ಸೆಪ್ಟೆಂಬರಿನದು. ಮಿಕ್ಕವನ್ನೆಲ್ಲ ನಾನೇ ಪ್ರತಿ ಮಂಗಳವಾರ ಅವನ ಮೇಜಿಗೆ ಹೋಗಿ, "ತಮ್ಮ, ಪರೀಕ್ಷೆ ಹತ್ತಿರ ಬಂತು, ನಿನ್ನ ಕಷ್ಟ ನೋಡಕ್ಕಾಗಲ್ಲ, ತಗೋ" ಎಂದು ಕೈಗೆ ತುರುಕಿದವು. ಅವನು ಪ್ರತಿ ಸಲವೂ ಎರಡು ಕೈ ಜೋಡಿಸಿ ತೆಗೆದುಕೊಂಡ. ನಮ್ಮ ಕೆರೆಯ ಮೀನು ಮೂರನೇ ಪೀರಿಯಡ್‌ನಲ್ಲೇ ಚೆನ್ನಾಗಿ ಕಚ್ಚುತ್ತದೆ, ಅದಕ್ಕೆ ನಾನೇನು ಮಾಡಲಿ?

ಒಪ್ಪಿಕೊಂಡದ್ದರಿಂದ ಯಾನನಿಗೆ ಏನೂ ಒಳ್ಳೆಯದಾಗಲಿಲ್ಲ. ಕದ್ದರೂ ದಾನ ಪಡೆದರೂ ಆದೇಶ ಒಂದೇ ಎಂದರು ಮೇಡಂ. ಎಲ್ಲ ಪೀರಿಯಡ್‌ಗಳನ್ನೂ ಇಂಗ್ಲಿಷಿನಿಂದ ವ್ಯಾಯಾಮಕ್ಕೆ ವಾಪಸು ಕೊಡಬೇಕು, ಕೊಡುವಾಗ ಯಾನ್ ಮೇಷ್ಟ್ರೂ ಮಕ್ಕಳ ಜೊತೆ ಓಡಬೇಕು. ಈಗ ಓಡುತ್ತಿದ್ದಾನೆ, ಸಾಲಿನ ಕೊನೆಯಲ್ಲಿ, ಕನ್ನಡಕ ಕೈಯಲ್ಲಿ ಹಿಡಿದು. ಮುಂದಿನ ಹಬ್ಬಕ್ಕೆ ಅವನ ಅತ್ತೆಯ ಮನೆಗೆ ನಾನೂ ಹೋಗಿ ಆ ಪ್ರಶ್ನೆಗೆ ಉತ್ತರ ಹೇಳಬೇಕೆಂದು ತೀರ್ಮಾನವಾಗಿದೆ.

ಇನ್ನು ಆ ನಲವತ್ತಮೂರು. ನಲವತ್ತಮೂರಲ್ಲ, ಹತ್ತೊಂಬತ್ತು. ಯುಲಾನ್ ಲೆಕ್ಕ ಇಟ್ಟಿದ್ದಾಳೆ. ಹತ್ತೊಂಬತ್ತು ಕಾಯಿಲೆಗೆ ಸಿಕ್ಕಿದ್ದು ಎರಡು ಮೀನು, ಎರಡೂ ಮೆಣಸಿನಕಾಯಿ ಗಾತ್ರದವು. ಮತ್ತೆ ಆ ತುಂಬಿದ ಹೊಳೆ, ಎಮ್ಮೆ. ನನಗೆ ಈಜು ಬರುವುದಿಲ್ಲ. ಹೊತ್ತು ದಾಟಿಸಿದ್ದು ಎಮ್ಮೆ.