ಲಕ್ಷ್ಮೀದೇವಮ್ಮ ಕಟ್ಟಿದ ಮರೆ

ಬೇರೆಯವರಲ್ಲಿ ಹುರುಪು ತುಂಬುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆಯೆಂದು ಬಹಳ ವರ್ಷ ನಂಬಿದ್ದೆ. ನನ್ನನ್ನು ಹಾಸಿಗೆಯಿಂದ ಎಬ್ಬಿಸಲು ಹೆಂಡತಿ ಎರಡು ಸಲ ಕಾಫಿ ಬಿಸಿ ಮಾಡಬೇಕಾಗುತ್ತದೆ, ಅದು ಬೇರೆ ಮಾತು. ವಳ್ಳೂರಿನ ಬಳಿ ಸೋಲಾರ್ ಪ್ಯಾನೆಲ್ ತೊಳೆಯುವ ಹನ್ನೆರಡು ಹೆಂಗಸರ ಮೇಲೆ ನನ್ನನ್ನು ಸೂಪರ್‌ವೈಸರ್ ಮಾಡಿದಾಗ, ಗುತ್ತಿಗೆದಾರರು ಕೊನೆಗೂ ಸರಿಯಾದ ಆಳನ್ನು ಹುಡುಕಿದರು ಅಂದುಕೊಂಡೆ.

ಬೆಳಿಗ್ಗೆ ಚುರುಕಾಗಿ ಸಾಗುತ್ತಿದ್ದ ಕೆಲಸ ಹನ್ನೊಂದು ಗಂಟೆಯಾಗುತ್ತಲೇ ಮಂದವಾಗುತ್ತಿತ್ತು. ಹಿಂದೊಮ್ಮೆ ತರಬೇತಿಗೆ ಹೋದಾಗ, ಮನುಷ್ಯನಿಗೆ ಮೆಚ್ಚುಗೆ ಬೇಕು, ಗುರಿ ಬೇಕು ಎಂದು ಹೇಳಿಕೊಟ್ಟಿದ್ದರು. ಊಟದ ಹೊತ್ತಿಗೆ ಆ ಬಗ್ಗೆ ಇನ್ನೂ ಏನೋ ಹೇಳಿದರಂತೆ, ನಾನು ಆಗ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಇರಲಿ. ನೆನಪಿದ್ದಷ್ಟನ್ನು ಜಾರಿಗೆ ತಂದೆ. ದಿನಾ ಭಾಷಣ ಮಾಡಿದೆ. ವಾರಕ್ಕೊಬ್ಬರಿಗೆ ಸ್ಟೀಲ್ ಡಬ್ಬಿ ಬಹುಮಾನವೆಂದೆ. ಹೆಂಗಸರು ಡಬ್ಬಿಯನ್ನು ಸಂತೋಷವಾಗಿಯೇ ತೆಗೆದುಕೊಂಡರು, ಕೆಲಸ ಮಾತ್ರ ಹನ್ನೊಂದಕ್ಕೆ ಮಂದವಾಗುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಪದ್ಮ ಎಂಬಾಕೆ ತಲೆ ಸುತ್ತಿ ಬಿದ್ದಳು. ಮುಖಕ್ಕೆ ನೀರು ಚಿಮುಕಿಸಲು ಅವಳ ಬಾಟಲಿ ತೆಗೆದರೆ ಮುಚ್ಚಳವನ್ನೇ ಬಿಚ್ಚಿರಲಿಲ್ಲ. ಸುತ್ತ ನೋಡಿದೆ, ಎಲ್ಲರ ಬಾಟಲಿಯೂ ತುಂಬಿಯೇ ಇತ್ತು. ಗಾಜಿಗೆ ಟ್ಯಾಂಕರ್‌ಗಟ್ಟಲೆ ನೀರು ಹೊಯ್ಯುವವರು ತಾವು ಒಂದು ಗುಟುಕು ಕುಡಿದಿರಲಿಲ್ಲ. ನನಗೆ ಸಿಟ್ಟು ಬಂತು. ನೀರು ಕುಡಿಯುವುದನ್ನೂ ನಾನೇ ಹೇಳಿಕೊಡಬೇಕೇ ಎಂದು ಗದರಿದೆ. ಎಲ್ಲರೂ ತಲೆ ತಗ್ಗಿಸಿದರು. ಅವರಲ್ಲಿ ಹಿರಿಯಳಾದ ಲಕ್ಷ್ಮೀದೇವಮ್ಮ ಮಾತ್ರ ಪದ್ಮಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಮೆಲ್ಲಗೆ ಹೇಳಿದಳು:

"ಕುಡುದ್ರೆ ಆಮ್ಯಾಕೆ ಎಲ್ಲಿಗೋಗಾದು ಸಾ? ಗಿಡ ಐತಾ, ಗೋಡೆ ಐತಾ? ಗಂಡಸ್ರು ತಿರುಗಾಡ್ತಾನೇ ಇರ್ತಾರೆ. ಸಾಯಂಕಾಲ ಮನೆ ಸೇರೋಗಂಟ ತಡ್ಕಂಬೇಕು."

ನಾನು ಎಂಟು ತಿಂಗಳಿಂದ ಬೇಲಿ ಕಂಡಲ್ಲಿ ನಿಂತು ಕೆಲಸ ಮುಗಿಸಿಕೊಂಡು ಬರುತ್ತಿದ್ದವನು.

ಅವತ್ತೇ ಕಚೇರಿಗೆ ಪತ್ರ ಬರೆದೆ. ನೋಡೋಣ ಎಂದರು. ಎರಡು ವಾರವಾದರೂ ನೋಡುತ್ತಲೇ ಇದ್ದರು. ಲಕ್ಷ್ಮೀದೇವಮ್ಮ ಕಾಯಲಿಲ್ಲ. "ಪರ್ಮಿಶನ್ ಎಲ್ಲ ಬ್ಯಾಡ ಸಾ. ನೀವು ನೋಡ್ದಂಗೆ ಇದ್ಬುಡಿ, ಸಾಕು" ಎಂದಳು. ಎಂಟು ತಿಂಗಳ ಅಭ್ಯಾಸವಿದ್ದುದರಿಂದ ಅದು ನನಗೆ ಕಷ್ಟವಾಗಲಿಲ್ಲ. ಊಟದ ಬಿಡುವಿನಲ್ಲಿ ಐವರು ಸರದಿಯ ಮೇಲೆ ಗುಂಡಿ ತೋಡಿದರು. ಪ್ಯಾನೆಲ್ ತುಂಬಿ ಬಂದಿದ್ದ ಮರದ ಪೆಟ್ಟಿಗೆಗಳ ಹಲಗೆಗಳನ್ನು ನಿಲ್ಲಿಸಿ, ಹಳೆಯ ಟಾರ್ಪಾಲು ಬಿಗಿದು, ಬಾಗಿಲನ್ನೂ ಕೂರಿಸಿದರು. ಒಳಗಡೆ ಚಿಲಕ ಇರಲೇಬೇಕೆಂದು ಲಕ್ಷ್ಮೀದೇವಮ್ಮ ಹಟ ಹಿಡಿದಾಗ ಪಾವಗಡದಿಂದ ಅದನ್ನು ತಂದುಕೊಟ್ಟವನು ನಾನು. ಇಡೀ ಕಟ್ಟಡದಲ್ಲಿ ನನ್ನ ಪಾಲು ಅಷ್ಟೇ. ಮೊದಲು ಒಳಗೆ ಹೋದವಳು ಪದ್ಮ. ಹೊರಗೆ ಬಂದವಳೇ ಬಾಟಲಿ ಎತ್ತಿ, ನಿಂತ ನಿಲುವಿನಲ್ಲಿ ಅರ್ಧ ಖಾಲಿ ಮಾಡಿದಳು. ಉಳಿದವರು ಅದನ್ನು ನೋಡಿ ನಕ್ಕರು. ಆ ನಗು ನನ್ನ ಯಾವ ಭಾಷಣಕ್ಕೂ ಬಂದಿರಲಿಲ್ಲ.

ಅಲ್ಲಿಂದಾಚೆಗೆ ಕೆಲಸ ಮಂದವಾಗಲಿಲ್ಲ. ಮೇಲಿನವರು ನನ್ನನ್ನು ಕರೆದು, ತಂಡಕ್ಕೆ ಇಷ್ಟು ಹುರುಪು ಹೇಗೆ ತುಂಬಿದಿರಿ ಎಂದು ವಿಚಾರಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಹೆಂಗಸನ್ನು ಎಲ್ಲರೆದುರು ಅಭಿನಂದಿಸಿ ಎಂದರು.

ಮಾರನೆಯ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಮನಸ್ಸು ತುಂಬಿ ಮಾತನಾಡಿದೆ. ಮನುಷ್ಯನ ಮೂಲಭೂತ ಅಗತ್ಯ, ಮರ್ಯಾದೆ, ಸ್ವಾಭಿಮಾನ ಎಲ್ಲ ಬಂತು. ಲಕ್ಷ್ಮೀದೇವಮ್ಮ ಬ್ರಶ್ಶಿನ ಉದ್ದ ಕೋಲಿಗೆ ಒರಗಿ, ತಾಳ್ಮೆಯಿಂದ ಕೊನೆಯವರೆಗೂ ಕೇಳಿದಳು.

"ಚೆನ್ನಾಗ್ ಮಾತಾಡ್ತೀರ ಸಾ" ಎಂದಳು. "ಒಸಿ ಆಚೆ ಬನ್ನಿ. ನೀವು ನಿಂತಿರೋ ಸಾಲು ತೊಳೀಬೇಕು."

ಬಂದೆ.