ಲಡ್ಡುವಿನ ಹೊಟ್ಟೆ

ಭಾನುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ, ಧಾರೇಶ್ವರದ ಉದಯನ ಮನೆಯ ಜಗಲಿಯಲ್ಲಿ, ಕಪ್ಪೆಯೊಂದು ಎದುರಿಗಿದ್ದ ಮಿಡತೆಯನ್ನು ನೋಡಿಯೂ ಬಾಯಿ ತೆರೆಯಲಿಲ್ಲ.

ಕಪ್ಪೆ ಅವನದಲ್ಲ, ವಿನುತಾಳದು. ಹೊನ್ನಾವರದಲ್ಲಿ ನರ್ಸ್ ಆಗಿದ್ದ ಅವಳು ತರಬೇತಿಗೆಂದು ಮಂಗಳೂರಿಗೆ ಹೋಗುವಾಗ ಗಾಜಿನ ಪೆಟ್ಟಿಗೆಯನ್ನು ಅವನಿಗೆ ಒಪ್ಪಿಸಿದ್ದಳು. ಹೊರದೇಶದ ತಳಿ, ಅಂಗೈ ಅಗಲ, ಕಣ್ಣಿನ ಮೇಲೆ ಪುಟ್ಟ ಕೊಂಬು, ಹೆಸರು ಲಡ್ಡು. "ಮದುವೆ ಮಾತು ನಾ ತಿರುಗಿ ಬಂದ ಮೇಲೆ ಆಡ್ವ. ಅಷ್ಟರೊಳಗೆ ನೀ ಇವನನ್ನ ಹ್ಯಾಂಗೆ ನೋಡ್ಕಳ್ತೆ ಅಂತ ಗೊತ್ತಾಗ್ತದಲ್ಲ," ಎಂದಿದ್ದಳು. ಅವಳು ಬರುವುದು ಇವತ್ತೇ ಮಧ್ಯಾಹ್ನ.

ಪೆಟ್ಟಿಗೆಯ ತಳಕ್ಕೆ ವಿನುತಾ ಒದ್ದೆ ಕಾಗದವನ್ನಷ್ಟೇ ಹಾಸಿದ್ದಳು. ಕೈಹಿಡಿಯಬೇಕಾದವಳ ಕಪ್ಪೆ ಬರೀ ಕಾಗದದ ಮೇಲೆ ಕೂರುವುದು ಉದಯನಿಗೆ ಸರಿಕಾಣಲಿಲ್ಲ. ಸಮುದ್ರದಂಡೆಯಿಂದ ನುಣುಪಾದ ಸಣ್ಣ ಕಲ್ಲು, ಬಣ್ಣದ ಚಿಪ್ಪು ಆರಿಸಿ ತಂದು, ತೊಳೆದು ಹಾಸಿದ. ಹುಳಕ್ಕೆ ಎಗರಿದಾಗಲೆಲ್ಲ ಲಡ್ಡು ಆ ಕಲ್ಲಿನ ಹಾಸಿಗೆಯನ್ನೂ ಸೇರಿಸಿ ನುಂಗುತ್ತಿತ್ತು. ಈಗ ಅದು ಗಾಳಿ ತುಂಬಿದ ಚೆಂಡಿನಂತೆ ಉಬ್ಬಿ ಕುಳಿತಿತ್ತು. ಹಿಕ್ಕೆ ಹಾಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಆ ಕಾಗದವನ್ನು ಯಾಕಾದರೂ ತೆಗೆದೆನೋ ಎಂದು ಹಣೆ ಬಡಿದುಕೊಂಡ.

ಪಕ್ಕದ ಮನೆಯ ದುರ್ಗಕ್ಕ ಬೇಲಿ ದಾಟಿ ಬಂದಳು. "ಎಂತ ಆತಾ ತಮಾ?"

"ಉಣ್ಣೂದಿಲ್ಲ ಅಕ್ಕಾ. ಹೊಟ್ಟೆ ಕಟ್ಟಿದೆ."

"ಹರಳೆಣ್ಣೆ ಹಾಕು. ನನ್ನ ಮಕ್ಕಳೆಲ್ಲ ಅದ್ರಲ್ಲೇ ದೊಡ್ಡಾದದ್ದು."

ಎದುರು ಮನೆಯ ಗಣಪಣ್ಣ ಆಗಲೇ ಲೋಟ ಹಿಡಿದು ನಿಂತಿದ್ದ. "ಹರಳೆಣ್ಣೆ ಉಷ್ಣ ಮಾರಾಯ್ತಿ! ಓಮದ ನೀರು ಕುಡಿಸು. ಬಾಯಿ ನಾ ಬಿಚ್ತೆ."

"ಮೊದ್ಲು ನಿನ್ನ ಬಾಯಿ ಮುಚ್ಚು," ಎಂದಳು ದುರ್ಗಕ್ಕ.

ಅವರಿಬ್ಬರ ಜಗಳದ ಮಧ್ಯೆ ಉದಯ ಕಪ್ಪೆಯನ್ನು ಡಬ್ಬಿಗೆ ಹಾಕಿಕೊಂಡು ಕುಮಟಾ ಬಸ್ಸು ಹತ್ತಿದ. "ಡಬ್ಬಿಯಲ್ಲಿ ಎಂತ?" ಎಂದು ಪಕ್ಕದ ಹೆಂಗಸು ಕೇಳಿದಳು. "ಲಡ್ಡು," ಎಂದ. ಉಳಿದ ದಾರಿಯುದ್ದಕ್ಕೂ ಆಕೆ ಡಬ್ಬಿಯನ್ನು ನೋಡುತ್ತ, ಒಂದು ಕೊಡಬಾರದೇ ಎಂಬಂತೆ ಕುಳಿತಿದ್ದಳು.

ಪಶುವೈದ್ಯರು ರಜೆಯ ದಿನ ಮನೆಯಲ್ಲಿದ್ದರು. ಇಷ್ಟು ವರ್ಷದಲ್ಲಿ ಅವರು ನೋಡಿದ್ದು ದನ, ನಾಯಿ, ಕೋಳಿ. ಆದರೂ ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿದರು.

"ಕಲ್ಲು ಕೈಗೆ ಸಿಗ್ತದೆ. ಇದಕ್ಕೆ ಕಲ್ಲು ತಿನ್ಸಿದ್ದು ಯಾರು?"

ಉದಯ ನೆಲ ನೋಡಿದ.

"ಎಣ್ಣೆ, ಓಮ ಎಂತದೂ ಬೇಡ. ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ಬಾವಿನೀರು, ಗಲ್ಲ ಮುಳುಗದಷ್ಟು. ಅದರಲ್ಲಿ ಕೂರ್ಸಿ ಹೊಟ್ಟೆಯನ್ನ ಹಿಂದಕ್ಕೆ ಹಗುರವಾಗಿ ನೀವಿ. ಬಂದ್ರೆ ಬಂತು. ಇಲ್ಲಾಂದ್ರೆ ಕೊಯ್ಬೇಕು, ಅದು ನನ್ನಿಂದ ಆಗೂದಲ್ಲ. ಮುಂದೆ ತಳಕ್ಕೆ ಕಾಗದ ಮಾತ್ರ. ಸಣ್ಣ ಹುಳ, ಚಿಮಟದಲ್ಲಿ ಹಿಡಿದು ಕೊಡಿ."

ಮನೆಗೆ ಬಂದು ಉದಯ ಅಂಗಳದಲ್ಲಿ ಬೋಗುಣಿ ಇಟ್ಟ. ಹೆರಿಗೆಮನೆಯ ಹೊರಗೆ ನಿಂತವರ ಹಾಗೆ ನೆರೆಯವರು ಸುತ್ತ ನಿಂತರು. ಅವನು ನೀವಿದ, ನೀರು ತಣಿದಾಗ ಬದಲಿಸಿದ, ಮತ್ತೆ ನೀವಿದ. ಕೊನೆಗೆ ಲಡ್ಡು ಹಿಂಗಾಲು ಎಳೆದುಕೊಂಡು ಒಮ್ಮೆ ತಿಣುಕಿತು. ನೀರಿನ ತಳಕ್ಕೆ ಕಲ್ಲು ಬಿತ್ತು, ಹಿಂದೆಯೇ ಇನ್ನೊಂದು, ಆಮೇಲೆ ಚಿಪ್ಪಿನ ಚೂರು.

"ಬಾಣಂತಿ, ಮಕ್ಳು ಎಲ್ಲಾ ಕ್ಷೇಮ!" ಎಂದು ಗಣಪಣ್ಣ ಕೂಗಿದ.

ಉದಯ ಪೆಟ್ಟಿಗೆ ತೊಳೆದು ಒದ್ದೆ ಕಾಗದ ಹಾಸಿ, ಲಡ್ಡುವನ್ನು ಕೂರಿಸಿ, "ಅಕ್ಕಾ, ಸ್ವಲ್ಪ ನೋಡ್ಕೊ" ಎಂದು ಹೆದ್ದಾರಿಗೆ ಓಡಿದ.

ಬಸ್ಸಿಳಿದ ವಿನುತಾಳಿಗೆ ಏನೂ ಹೇಳಬಾರದೆಂದೇ ಇದ್ದ. ದಾರಿ ಅರ್ಧ ಆಗುವುದರೊಳಗೆ ಎಲ್ಲ ಹೇಳಿಬಿಟ್ಟ.

"ಮುಚ್ಚಿಡದೆ ಹೇಳಿದ್ಯಲ್ಲ, ಆತು. ಗಾಬರಿಯಲ್ಲೂ ಡಾಕ್ಟರ ಹತ್ರ ಹೋಗೂ ಬುದ್ಧಿ ಇದ್ದವ ಸಾಕು ನಂಗೆ," ಎಂದಳು.

ಅವಳ ಬ್ಯಾಗನ್ನು ಎತ್ತಿಕೊಂಡ ಉದಯನಿಗೆ ಅದರ ಭಾರ ಗೊತ್ತಾಗಲಿಲ್ಲ.

ಜಗಲಿಯಲ್ಲಿ ದುರ್ಗಕ್ಕ ಪೆಟ್ಟಿಗೆಯ ಪಕ್ಕದಲ್ಲೇ ಕಾವಲು ಕೂತಿದ್ದಳು. ವಿನುತಾ ಮುಚ್ಚಳ ಎತ್ತಿದಳು. ಲಡ್ಡು ಬೆಳಗಿಗಿಂತ ಇಮ್ಮಡಿ ಉಬ್ಬಿತ್ತು. ಮುಚ್ಚಲಾಗದ ಬಾಯಿಯಿಂದ ಎರಡು ಉದ್ದನೆಯ ಕಾಲು ಹೊರಗೆ ನೇತಾಡುತ್ತಿದ್ದವು.

"ಅಕ್ಕಾ, ಇದೆಂತ?" ಎಂದ ಉದಯ.

"ಬಂದ ನೆಂಟರನ್ನ ಒಬ್ರನ್ನೇ ಉಣ್ಣೂಕೆ ಕೂರ್ಸ್ತಾರನಾ? ಪಂಕ್ತಿಗೆ ಇನ್ನೊಬ್ರು ಬೇಡ್ವಾ? ಅದ್ಕೇ ಬಾವಿಕಟ್ಟೆಯಿಂದ ಒಂದು ಕಪ್ಪೆನ ಹಿಡ್ಕಂಡು ಬಂದು ಜೊತೆಗೆ ಬಿಟ್ಟೆ. ಹಿಂಗೆ ಮಾಡ್ತದೆ ಅಂತ ಯಾರಿಗೆ ಗೊತ್ತಿತ್ತು ತಮಾ," ಎಂದಳು ದುರ್ಗಕ್ಕ. ಅವಳ ಕಣ್ಣಲ್ಲಿ ನೀರಿತ್ತು.

ವಿನುತಾ ಅವಳನ್ನು ಬೈಯಲಿಲ್ಲ. ಉದಯನನ್ನೂ ಬೈಯಲಿಲ್ಲ, ಅವನ ಕೈಯಿಂದ ಬ್ಯಾಗನ್ನು ಮಾತ್ರ ತಿರುಗಿ ತೆಗೆದುಕೊಂಡಳು.

ಪಶುವೈದ್ಯರ ಮನೆಗೆಂದು ಹತ್ತಿದ ಮುಂದಿನ ಕುಮಟಾ ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮುಂದುಗಡೆ ಕುಳಿತಳು. ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇದ್ದವು. ಉದಯ ಹಿಂದಿನ ಬಾಗಿಲ ಹತ್ತಿರ ನಿಂತುಕೊಂಡೇ ಹೋದ.