ಬಾಮೈದನ ಆಮೆ ಬೈಕು

ಬೆಂಗಳೂರಿನಲ್ಲಿ ಬೈಕನ್ನು ನಿಧಾನವಾಗಿ ಓಡಿಸಲು ಯಾರೂ ವಿಶೇಷ ಕಷ್ಟ ಪಡಬೇಕಾಗಿಲ್ಲ. ಸಂಜೆ ಆಫೀಸು ಬಿಡುವ ಹೊತ್ತಿಗೆ ಮಾರತ್ತಹಳ್ಳಿಗೆ ಹೋದರೆ ಸಾಕು, ಉಳಿದದ್ದನ್ನು ಊರೇ ನೋಡಿಕೊಳ್ಳುತ್ತದೆ. ಆದರೆ ನನ್ನ ಬಾಮೈದ ಅದಕ್ಕಾಗಿ ಇಡೀ ಒಂದು ಮಳೆಗಾಲ ಬೆವರು ಸುರಿಸಿದ! ಲೋಕದ ಗಂಡಸರೆಲ್ಲ ತಮ್ಮ ಬೈಕು ಎಷ್ಟು ಜೋರಾಗಿ ಓಡುತ್ತದೆಂದು ಕೊಚ್ಚಿಕೊಂಡರೆ, ಇವನು ತನ್ನದು ಬೀಳದೆ ಎಷ್ಟು ನಿಧಾನ ಹೋಗುತ್ತದೆಂದು ಕೊಚ್ಚಿಕೊಳ್ಳುತ್ತಿದ್ದ. ಇಂಥವನ ಅಕ್ಕನನ್ನು ಮದುವೆಯಾದ ನನ್ನ ಧೈರ್ಯವನ್ನು ನೀವು ಮೆಚ್ಚಲೇಬೇಕು.

ಅವನ ಹೆಸರು ಹೇಳುವುದಿಲ್ಲ. ಅವನಿಗೆ ನಾನು ಮಾಡಿದ ಅನ್ಯಾಯವೇ ಸಾಕಷ್ಟಿದೆ; ಅದನ್ನು ಒಪ್ಪಿಕೊಳ್ಳಲೆಂದೇ ಈಗ ಬರೆಯಲು ಕೂತಿದ್ದೇನೆ. ಜಿಗಣಿಯ ಕಾರ್ಖಾನೆಗಳ ಅಂಚಿನಲ್ಲಿ ಅವನದೊಂದು ಲೇತ್ ಶೆಡ್ ಇದೆ. ಅಲ್ಲಿ ಕಬ್ಬಿಣ ಕೊರೆದು ಕೊರೆದು ಅವನ ತಲೆಯಲ್ಲೂ ಏನೋ ಕೊರೆದುಹೋಗಿದೆ ಎಂಬುದು ನಮ್ಮ ನೆಂಟರ ಅಭಿಪ್ರಾಯ. ಜೋರಾಗಿ ರುಬ್ಬಿದರೆ ಚಟ್ನಿ ಬಿಸಿಯಾಗಿ ರುಚಿ ಕೆಡುತ್ತದೆಂದು ಒಮ್ಮೆ ಮನೆಯ ಮಿಕ್ಸಿಯನ್ನೇ ಬಿಚ್ಚಿ ಅದರ ವೇಗ ಇಳಿಸಿದ್ದ. ಅವರ ಮನೆಯಲ್ಲಿ ಚಟ್ನಿ ನುಣ್ಣಗಾಗುವಷ್ಟರಲ್ಲಿ ದೋಸೆ ತಣ್ಣಗಾಗಿ, ಹೆಂಡತಿ ಬಿಸಿಯಾಗಿರುತ್ತಾಳೆ.

ನಾನೋ, ಎಸ್ಸೆಸ್ಸೆಲ್ಸಿ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ ಟೈಮ್ ಆಫೀಸು ಸೇರಿದವನು. ನಿವೃತ್ತಿಯವರೆಗೂ ಗೇಟಿನ ಪಕ್ಕ ಕೂತು, ತಡವಾಗಿ ಬಂದವರ ಹೆಸರು ಬರೆದುಕೊಂಡೆ. ನನ್ನ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ: ಸೈರನ್ನಿಗೆ ಮೊದಲು ಬರುವವರು, ಸೈರನ್ ಆದಮೇಲೆ ಬಂದು ಕಥೆ ಹೇಳುವವರು. ನಾನೂ ಬಾಮೈದನೂ ಒಂದೇ ಎಲೆಯಲ್ಲಿ ಉಪ್ಪಿನಕಾಯಿ ಮತ್ತು ಪಾಯಸದ ಹಾಗೆ ಇದ್ದೆವು. ಯಾರು ಉಪ್ಪಿನಕಾಯಿ ಎಂದು ಕೇಳಬೇಡಿ.

ಇಷ್ಟರ ನಡುವೆ ನನ್ನ ಹೆಂಡತಿಯ ಮಂಡಿಯ ವಿಷಯ ಹೇಳಿಬಿಡುತ್ತೇನೆ. ಅವಳ ತವರೂರಿನ ಹಿಂದೆ ಒಂದು ಬಂಡೆಗುಡ್ಡ. ನೆತ್ತಿಯ ಮೇಲೆ ಮುನೇಶ್ವರನ ಕಲ್ಲು. ಕಾರ್ತಿಕದ ಕಡೇ ಸೋಮವಾರ ಆ ಕಲ್ಲಿನ ಮುಂದೆ ದೀಪ ಹಚ್ಚಬೇಕಾದವಳು ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಗಂಡುಮಕ್ಕಳು ಹಚ್ಚುವ ಹಾಗಿಲ್ಲ, ಸೊಸೆಯರು ಹಚ್ಚುವ ಹಾಗಿಲ್ಲ. ಮಂಡಿ ಕೈಕೊಟ್ಟ ಮೇಲೆ ಇವಳು ಗುಡ್ಡ ಹತ್ತಲಿಲ್ಲ, ದೀಪವೂ ಹತ್ತಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತೇವೆಂದು ತವರಿನವರು ಹೇಳಿದಾಗ, "ನಾಲ್ಕು ಜನರ ಹೆಗಲ ಮೇಲೆ ಹೋಗೋ ದಿನ ಹೆಂಗೂ ಬರ್ತದೆ, ಅದಕ್ಕೆ ಅವಸರ ಯಾಕೆ?" ಎಂದು ನಕ್ಕುಬಿಟ್ಟಳು. ನಕ್ಕಳೇ ಹೊರತು, ಆ ಸೋಮವಾರ ಬಂತೆಂದರೆ ಸಂಜೆಯೆಲ್ಲ ತಾರಸಿಯ ಮೇಲೆ ನಿಂತು ಗುಡ್ಡದ ದಿಕ್ಕಿಗೆ ನೋಡುತ್ತಿದ್ದಳು. ಅಲ್ಲಿಂದ ಗುಡ್ಡ ಕಾಣುವುದಿಲ್ಲ, ಎದುರಿಗೆ ಪಿ.ಜಿ. ಕಟ್ಟಡ ಅಡ್ಡ ಇದೆ.

ಹಿಂದಿನ ಕಾರ್ತಿಕದಲ್ಲಿ ಬಾಮೈದ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳೇ ಕಲ್ಲು ಕ್ವಾರಿಯ ದಾರಿಯಲ್ಲಿ ಹತ್ತಿಸಲು ಹೊರಟಿದ್ದ. ಜಲ್ಲಿಯ ಮೇಲೆ ಬೈಕು ಒಮ್ಮೆ ಕುಪ್ಪಳಿಸಿತು, ಒಮ್ಮೆ ಕೆಮ್ಮಿತು, ಆಫ್ ಆಗಿ ಹಿಂದಕ್ಕೆ ಜಾರಿತು. ಹಿಂದೆ ನಡೆದು ಬರುತ್ತಿದ್ದ ನಾನು ಹಿಡಿದುಕೊಂಡೆ. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಅಲ್ಲೇ ನಿಂತು, ಇನ್ನೊಮ್ಮೆ ಇವಳನ್ನು ಬೈಕು ಹತ್ತಿಸಿದರೆ ನಿನಗೂ ನಮಗೂ ಸಂಬಂಧವಿಲ್ಲ ಎಂದು ಮುನೇಶ್ವರನಿಗೂ ಕೇಳುವ ಹಾಗೆ ಕೂಗಾಡಿದೆ.

ಅದಾದ ಮೇಲೆ ಶುರುವಾಯಿತು ಅವನ ಹೊಸ ಹುಚ್ಚು. ಜಾಣರಾದ ನಿಮಗೆ ಎರಡನ್ನೂ ಕೂಡಿಸಲು ಆಗುತ್ತದೆ. ನನಗೆ ಆಗಲಿಲ್ಲ ನೋಡಿ!

ಬೈಕಿನ ಚೈನು ಎರಡು ಹಲ್ಲಿನ ಚಕ್ರಗಳ ಮೇಲೆ ಓಡುತ್ತದೆ. ಎಂಜಿನ್ ಪಕ್ಕದ್ದು ಚಿಕ್ಕದು, ಹಿಂದಿನ ಗಾಲಿಯದು ದೊಡ್ಡದು. ಚಿಕ್ಕದರಲ್ಲಿ ಹಲ್ಲು ಕಡಿಮೆ ಮಾಡಿ, ದೊಡ್ಡದರಲ್ಲಿ ಹೆಚ್ಚು ಮಾಡಿದರೆ ಗಾಡಿಯ ಓಟ ಇಳಿಯುತ್ತದೆ, ಎಳೆಯುವ ಬಲ ಏರುತ್ತದೆ. ಇದು ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು, ಇವನು ಬಿಡಿಭಾಗದ ಅಂಗಡಿಗೆ ಹೋಗಿ ಇರುವುದರಲ್ಲೇ ಚಿಕ್ಕ ಮುಂದಿನ ಚಕ್ರ, ದೊಡ್ಡ ಹಿಂದಿನ ಚಕ್ರ ಕೇಳಿದ ಎಂಬುದು. ನಾನೂ ಜೊತೆಗಿದ್ದೆ. ಅಂಗಡಿಯವನು ನಮ್ಮಿಬ್ಬರ ಮುಖವನ್ನೂ ನೋಡಿ, "ಅಣ್ಣ, ಎಲ್ರೂ ಟಾಪ್ ಸ್ಪೀಡ್ ಕೇಳ್ತಾರೆ. ನಿಮಗೆ ಗಾಡಿ ಮೇಲೆ ಏನಾದ್ರೂ ಕೋಪಾನಾ?" ಎಂದ.

ಚಿಕ್ಕದು ಸಿಕ್ಕಿತು. ಇವನು ಕೇಳಿದಷ್ಟು ದೊಡ್ಡದು ಇಡೀ ಊರಿನಲ್ಲಿ ಸಿಗಲಿಲ್ಲ. ಸರಿ, ಶೆಡ್ಡಿನಲ್ಲಿ ಉಕ್ಕಿನ ತಟ್ಟೆ ಇಟ್ಟು, ಹಲ್ಲು ಹಲ್ಲಾಗಿ ತಾನೇ ಕೊರೆದ. ತಯಾರಾಗಿ ಬಂದದ್ದು ಹೋಳಿಗೆ ಬೇಯಿಸುವ ಹೆಂಚಿನಷ್ಟಿತ್ತು! ಹಳೇ ಚೈನು ಸಾಲದೆ, ಹೊಸದೊಂದನ್ನು ತಂದು ಕೊಂಡಿ ಸೇರಿಸಿ ಉದ್ದ ಮಾಡಿದ. ಹಳೇ ಚೈನ್ ಕವರ್ ಹಿಡಿಸದೆ, ಎಣ್ಣೆ ಡಬ್ಬದ ತಗಡು ಬಗ್ಗಿಸಿ ಹೊಸದು ಮಾಡಿದ. ಒಂದು ನೂಲೂ ಒಳಗೆ ಹೋಗದ ಹಾಗೆ ಅದರ ಅಂಚನ್ನೆಲ್ಲ ಉಜ್ಜಿ ನುಣುಪು ಮಾಡುತ್ತಾ ಕೂತಿದ್ದವನನ್ನು ನೋಡಿ, "ಪ್ಯಾಂಟು ಹಾಕೋನಿಗೆ ಇಷ್ಟೆಲ್ಲಾ ಯಾಕಯ್ಯಾ? ಸೀರೆ ಉಡೋಕೆ ಶುರು ಮಾಡಿದ್ಯಾ?" ಎಂದೆ.

"ಆಮೇಲೆ ಯೋಳ್ತೀನಿ ಬಿಡಿ ಭಾವ," ಎಂದ. ಅವನು ಯಾವುದಕ್ಕೂ ಹೇಳುವುದು ಇದನ್ನೇ.

ಆ ಬೈಕು ಬೀದಿಗಿಳಿದ ದಿನ ನಮ್ಮ ಬಡಾವಣೆಯ ನಾಯಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಬೈಕುಗಳನ್ನು ಅಟ್ಟಿಸಿಕೊಂಡು ಹೋಗುವುದೇ ಅದರ ಕುಲಕಸುಬು. ಬೊಗಳುತ್ತಾ ನುಗ್ಗಿತು, ಎರಡೇ ನೆಗೆತಕ್ಕೆ ಬೈಕನ್ನು ದಾಟಿ ಮುಂದೆ ಹೋಗಿಬಿಟ್ಟಿತು! ತಿರುಗಿ ನೋಡಿತು. ಮುಂದೇನು ಮಾಡಬೇಕೆಂದು ಅದರ ವಂಶದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ದೂರ ಜೊತೆಯಲ್ಲೇ ನಡೆದು, ಬೇಸರವಾಗಿ ಕೂತುಬಿಟ್ಟಿತು. ಹೊಸೂರು ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರು ಕುಡಿದಿದ್ದಾನೆಂದು ಅನುಮಾನಿಸಿ ನಿಲ್ಲಿಸಿದರು, ಊದಿಸಿದರು, ಏನೂ ಇಲ್ಲವೆಂದು ಗೊತ್ತಾದ ಮೇಲೆ ಸ್ವಲ್ಪ ಜೋರಾಗಿ ಹೋಗಿ ಸಾರ್ ಎಂದು ಕೈಮುಗಿದರು. ಪೊಲೀಸರಿಂದ ಈ ಮಾತು ಕೇಳಿಸಿಕೊಂಡ ಇನ್ನೊಬ್ಬ ಸವಾರನಿದ್ದರೆ ತೋರಿಸಿ!

ಒಂದು ದಿನ ಬೇರೆ ಗತಿಯಿಲ್ಲದೆ ಅದರ ಹಿಂದೆ ಕೂತು ಮದುವೆಗೆ ಹೊರಟೆ. ಮುಹೂರ್ತಕ್ಕೆಂದು ಹೊರಟವರು ಎರಡನೇ ಪಂಕ್ತಿಗೆ ತಲುಪಿದೆವು. ಛತ್ರದ ಬಾಗಿಲಲ್ಲಿ ನನ್ನ ಹಳೇ ಸಹೋದ್ಯೋಗಿಯೊಬ್ಬ ಗಡಿಯಾರ ನೋಡಿಕೊಂಡು, "ಏನ್ಸಾರ್, ನಿಮ್ಮ ಹೆಸರು ಯಾರು ಬರ್ಕೋಬೇಕು?" ಎಂದ. ಅವನ ಹೆಸರನ್ನು ನಾನು ಎಷ್ಟು ಸಲ ಬರೆದುಕೊಂಡಿದ್ದೆನೋ! ಅವತ್ತು ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ. ಮೂರೇ ತಿಂದೆ.

ಎಲ್ಲಕ್ಕಿಂತ ದೊಡ್ಡ ಹಿಂಸೆ ಬೆಳಗಿನದು. ನಾನು ವಾಕಿಂಗ್ ಹೊರಟರೆ ಪಕ್ಕದ ಬೀದಿಯಲ್ಲೇ ಮನೆಯಿರುವ ಇವನು ಬೈಕಿನಲ್ಲಿ ಪಕ್ಕದಲ್ಲೇ ಗುರುಗುರು ಎನ್ನುತ್ತಾ ಬರುತ್ತಿದ್ದ. ಮಾತಿಲ್ಲ, ಕಥೆಯಿಲ್ಲ. ಕಣ್ಣು ನನ್ನ ಕಾಲಿನ ಮೇಲೆ. ತಪ್ಪಿಸಿಕೊಳ್ಳಲು ನಾನು ಬಿರುಸಾಗಿ ನಡೆದರೆ, "ಇಂಗಲ್ಲ ಭಾವ, ದಿನಾ ನಡೆಯೋ ಅಂಗೆ ನಡೀರಿ," ಎಂದು ಗೊಣಗುತ್ತಿದ್ದ. ಒಂದು ಅಪಾರ್ಟ್‌ಮೆಂಟಿನ ಹೊಸ ಸೆಕ್ಯುರಿಟಿಯವನು, ಬೆಂಗಾವಲಿನ ಜೊತೆ ಯಾರೋ ದೊಡ್ಡವರು ಬರುತ್ತಿದ್ದಾರೆಂದು ಎದ್ದು ಸೆಲ್ಯೂಟ್ ಹೊಡೆದ. ಇವನು ಮಾತ್ರ ಶೆಡ್ಡಿಗೆ ಹೋಗಿ ಮತ್ತೆ ಚಕ್ರ ಬಿಚ್ಚುತ್ತಿದ್ದ, ಇನ್ನೊಂದು ಕೊರೆಯುತ್ತಿದ್ದ, ಮರುದಿನ ಮತ್ತೆ ನನ್ನ ಪಕ್ಕದಲ್ಲಿ ಹಾಜರು. ವಾಕಿಂಗಿನ ಗೆಳೆಯರು, ನಿಮ್ಮ ಬಾಮೈದನನ್ನು ಯಾರಿಗಾದರೂ ತೋರಿಸಿದಿರಾ ಎಂದು ಮೆಲ್ಲಗೆ ಕೇಳತೊಡಗಿದರು.

ಕಾರ್ತಿಕದಲ್ಲಿ ಅವನು ಯಾವುದೋ ಮೆಷಿನ್ ನೋಡಲು ಕೊಯಮತ್ತೂರಿಗೆ ಹೋಗುವಾಗ ಬೈಕನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಹೋದ. ದೇವರೇ ಕೊಟ್ಟ ಅವಕಾಶ ಎಂದುಕೊಂಡೆ. ನಮ್ಮ ಸಾಮಾನಿನ ಕೋಣೆಯಲ್ಲಿ ಅವನು ಬಿಟ್ಟಿದ್ದ ಹಳೇ ಚಕ್ರ, ಚೈನು, ಕವರುಗಳನ್ನು ಚೀಲಕ್ಕೆ ಹಾಕಿಕೊಂಡು ಬೈಕನ್ನು ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದೆ. ಎಲ್ಲವನ್ನೂ ಮೊದಲಿದ್ದಂತೆ ಮಾಡಿಸಿದೆ. ಬಿಚ್ಚಿದ ಸಾಮಾನೆಲ್ಲ ಕಣ್ಣೆದುರಿಗಿದ್ದರೆ ತಾನೇ ಮತ್ತೆ ಹಾಕುವುದು? ಗುಜರಿಯವನು ಬಂದಾಗ ಹೋಳಿಗೆ ಹೆಂಚು, ಪುಟ್ಟ ಚಕ್ರ, ಉದ್ದನೆ ಚೈನು, ತಗಡಿನ ಕವರು, ಎಲ್ಲವನ್ನೂ ಕೊಟ್ಟು ಒಂದು ನೀಲಿ ಪ್ಲಾಸ್ಟಿಕ್ ಮಗ್ ಈಸಿಕೊಂಡೆ. ಒಬ್ಬ ಮನುಷ್ಯನನ್ನು ಸರಿದಾರಿಗೆ ತಂದ ನೆಮ್ಮದಿಯಲ್ಲಿ ಆ ಮಗ್ಗಿನಲ್ಲೇ ಸ್ನಾನ ಮಾಡಿದೆ.

ಅವನು ವಾಪಸು ಬಂದದ್ದು ಕಡೇ ಸೋಮವಾರ ಬೆಳಿಗ್ಗೆ. ಬೈಕನ್ನು ನೋಡಿದ. ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಬೈಯುತ್ತಾನೆಂದು ನಾನು ಉತ್ತರ ತಯಾರು ಮಾಡಿಕೊಂಡಿದ್ದೆ.

"ಆ ಚಕ್ರ ಎಲ್ಲಿ ಭಾವ?" ಎಂದು ಮಾತ್ರ ಕೇಳಿದ.

ನಾನು ಹೇಳಿದೆ. ಅವನು ಎದ್ದು ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿದ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಬಂದಳು. ಉಟ್ಟದ್ದು ಹಸಿರು ರೇಷ್ಮೆ ಸೀರೆ. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹಣತೆ, ಎಣ್ಣೆ, ತೆಂಗಿನಕಾಯಿ. ತಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಮೊದಲೇ ಹೇಳಿದ್ರೆ ಬೇಡ ಅಂತೀರಿ ಅಂತ ನಾನೇ ಅವನ ಬಾಯಿ ಮುಚ್ಚಿಸಿದ್ದೆ," ಎಂದಳು. ಬುಟ್ಟಿಯನ್ನು ಕಿಟಕಿಯ ಮೇಲಿಟ್ಟು ಸೀರೆ ಬದಲಾಯಿಸಲು ಒಳಗೆ ಹೋದಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು!

ಬಚ್ಚಲಿನಿಂದ ಆ ಮಗ್ ಎತ್ತಿಕೊಂಡು ಆಟೋ ಹತ್ತಿದೆ. ಬೊಮ್ಮಸಂದ್ರದ ಹಿಂದೆ ಆ ಗುಜರಿಯವನ ಶೆಡ್ಡನ್ನು ಪತ್ತೆ ಮಾಡುವುದರಲ್ಲಿ ಮಧ್ಯಾಹ್ನವಾಯಿತು. ಮಗ್ ಮುಂದೆ ಹಿಡಿದು, ಇದನ್ನು ತಗೊಂಡು ನನ್ನ ಸಾಮಾನು ಕೊಡಪ್ಪಾ ಎಂದೆ. ಅವನು ಮಗ್ ತಿರುಗಿಸಿ ನೋಡಿ, "ಯೂಸ್ ಮಾಡ್ಬಿಟ್ಟಿದೀರಲ್ಲ ಸಾರ್," ಎಂದ. ಆಮೇಲೆ ನನ್ನ ಮುಖದಲ್ಲಿ ಏನು ಕಂಡನೋ, ರಾಶಿಯ ಕಡೆ ಕೈ ತೋರಿಸಿದ. ಆ ಕಬ್ಬಿಣದ ಗುಡ್ಡವನ್ನು ನಾನೊಬ್ಬನೇ ಕೆದಕಿದೆ. ವಾಷಿಂಗ್ ಮೆಷಿನ್ನಿನ ಹೊಟ್ಟೆಯ ಕೆಳಗೆ ಹೋಳಿಗೆ ಹೆಂಚು ಸಿಕ್ಕಿತು, ಪಕ್ಕದಲ್ಲಿ ಚೈನು, ಚಪ್ಪಟೆಯಾದ ಕವರು. ಎಂಜಿನ್ ಪಕ್ಕದ ಪುಟ್ಟ ಚಕ್ರಕ್ಕಾಗಿ ಇನ್ನೂ ಒಂದು ಗಂಟೆ ಮಂಡಿಯೂರಿದೆ. ಮಂಡಿ ನೋವು ಎಂದರೇನೆಂದು ಅವತ್ತು ನನಗೂ ಗೊತ್ತಾಯಿತು.

ಬಾಮೈದ ಎಲ್ಲ ಜೋಡಿಸಿದ, ಕವರನ್ನು ಬಡಿದು ನೇರ ಮಾಡಿದ. ಬೈಕನ್ನೂ ನಮ್ಮನ್ನೂ ಹೇರಿಕೊಂಡ ಟೆಂಪೋ ಗುಡ್ಡದ ಬುಡ ತಲುಪುವಾಗ ಹೊತ್ತು ಇಳಿಯುತ್ತಿತ್ತು. ನನ್ನ ಹೆಂಡತಿ ಮತ್ತೆ ಹಸಿರು ಸೀರೆ ಉಟ್ಟು, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮನ ಹಿಂದೆ ಒಂದೇ ಕಡೆಗೆ ಕಾಲಿಟ್ಟು ಕೂತಳು. ಬೈಕು ಕುಪ್ಪಳಿಸಲಿಲ್ಲ, ಕೆಮ್ಮಲಿಲ್ಲ. ಕಲ್ಲನ್ನು ಒಂದೊಂದಾಗಿ ಮುಟ್ಟಿ ನೋಡುವ ಹಾಗೆ ಹತ್ತತೊಡಗಿತು. ನಾನು ಪಕ್ಕದಲ್ಲಿ ನಡೆದೆ. ಅರ್ಧ ದಾರಿ ಹೋದಮೇಲೆ ನನಗೆ ಹೊಳೆಯಿತು: ನಾನು ಹಿಂದೆ ಬೀಳುತ್ತಿಲ್ಲ, ಮುಂದೆಯೂ ಹೋಗುತ್ತಿಲ್ಲ. ಅವಳ ಸೆರಗು ನನ್ನ ಕೈಗೆಟಕುವಲ್ಲೇ ಇದೆ.

ಏದುಸಿರಿನ ನಡುವೆಯೇ ಕೇಳಿದೆ: "ಲೋ, ಬೆಳಿಗ್ಗೆ ಬೆಳಿಗ್ಗೆ ನನ್ನ ಹಿಂದೆ ಬರ್ತಿದ್ದಿದ್ದು ಇದಕ್ಕೇನೋ?"

"ಊಂ ಭಾವ. ನೀವು ಹಿಂದೆ ಉಳಿದ್ರೆ ಅಕ್ಕ ನಿಲ್ಸು ಅಂತಾಳೆ. ಈ ಏರಲ್ಲಿ ನಿಲ್ಸಿದ್ರೆ ಮತ್ತೆ ಎತ್ತೋಕಾಗಲ್ಲ. ಅದಕ್ಕೆ ನಿಮ್ಮ ನಡಿಗೆಗೇ ಕೊರೆದಿದ್ದು. ಏರಲ್ಲಿ ನೀವು ಸುಸ್ತಾಗ್ತೀರ ಅಂತ ಇನ್ನೆರಡು ಹಲ್ಲು ಜಾಸ್ತೀನೇ ಇಟ್ಟಿದೀನಿ."

ನನ್ನ ಹೆಂಡತಿ ಬುಟ್ಟಿಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟಳು. ನೆತ್ತಿ ತಲುಪುವಾಗ ಸೂರ್ಯ ಮುಳುಗಿ ಆಗಿತ್ತು, ಪೂಜೆಯ ಹೊತ್ತು ಮೀರಿತ್ತು. ಜೀವನವೆಲ್ಲ ತಡವಾಗಿ ಬಂದವರ ಹೆಸರು ಬರೆದುಕೊಂಡ ನಾನು, ಅವತ್ತು ಅವರಿಬ್ಬರ ಜೊತೆ ಒಂದೇ ಹೆಜ್ಜೆಯಲ್ಲಿ ತಡವಾಗಿ ತಲುಪಿದೆ. ಮುನೇಶ್ವರ ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಅವಳು ದೀಪ ಹಚ್ಚಿದಳು.